ಬಸ್ಸಿನ ಕಿಟಕಿಯಲ್ಲಿ ಕಂಡ ಬೆಟ್ಟ: ಅತ್ತಿಗೆಯ ಜೊತೆ ನಾಲ್ಕು ಬೆಳಗು

ನಮ್ಮ ಅತ್ತಿಗೆ 11 ವರ್ಷ ಮೈಸೂರಿನಿಂದ ಪಾಂಡವಪುರದ ಆಚೆಯ ಒಂದು ಹಳ್ಳಿ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದವರು. ದಾರಿಯಲ್ಲಿ ಕುಂತಿಬೆಟ್ಟ ಸಿಗುತ್ತದೆ. "ದಿನಕ್ಕೆ ಎರಡು ಸಲ ನೋಡಿದೀನಿ ಕಣೇ, ಒಂದು ಸಲಾನೂ ಹತ್ತಿಲ್ಲ" ಎಂದು ದೀಪಾವಳಿಗೆ ಹೋದಾಗ ಹೇಳಿದ್ದರು. ಬೆಳಿಗ್ಗೆ ಇಳಿಯೋಣ ಅಂದರೆ ಶಾಲೆಯ ಗಂಟೆ. ಸಂಜೆ ಇಳಿಯೋಣ ಅಂದರೆ ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ. ಈಗ ಮಕ್ಕಳು ದೂರದೂರಿನಲ್ಲಿದ್ದಾರೆ, ಅತ್ತಿಗೆ ನಿವೃತ್ತಿಯಾಗಿ ಎರಡು ವರ್ಷವಾಯಿತು. ವಯಸ್ಸು 62. ನಡಿಗೆ ಚೆನ್ನಾಗಿದೆ, ಇಳಿಯುವಾಗ ಮಾತ್ರ ಬಲಮಂಡಿ ಸ್ವಲ್ಪ ಹಿಡಿಯುತ್ತದೆ.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಡಿಸೆಂಬರ್ ಕೊನೆಯ ವಾರ ರಜೆ ಹಾಕಿ ಬೆಂಗಳೂರಿನಿಂದ ಮೈಸೂರಿಗೆ ಹೋದೆ. ನಾಲ್ಕು ದಿನ, ನಾಲ್ಕು ಬೆಟ್ಟ. ಯಾವುದೂ ದೊಡ್ಡದಲ್ಲ. ಬೆಳಿಗ್ಗೆ ಹತ್ತಿ ಮಧ್ಯಾಹ್ನದ ಊಟಕ್ಕೆ ಇಳಿಯಬಹುದಾದಂಥವು. ಕುಂತಿಬೆಟ್ಟವನ್ನು ಮೂರನೇ ದಿನಕ್ಕೆ ಇಟ್ಟೆವು, ಅಷ್ಟರಲ್ಲಿ ಕಾಲಿಗೆ ಅಭ್ಯಾಸವಾಗಲಿ ಅಂತ.

ಮೊದಲ ದಿನ: ಚಾಮುಂಡಿ

ಧನುರ್ಮಾಸ. ಬೆಳಗಿನ ಜಾವ ಐದಕ್ಕೇ ಬೀದಿ ಕೊನೆಯ ರಾಮಮಂದಿರದ ಮೈಕಿನಲ್ಲಿ ಹಾಡು ಶುರುವಾಯಿತು. ಅತ್ತಿಗೆ ಆಗಲೇ ಸ್ನಾನ ಮಾಡಿ ಸ್ವೆಟರ್ ಹಾಕಿಕೊಂಡು ನಿಂತಿದ್ದರು. ಮಂದಿರದಲ್ಲಿ ಪೂಜೆ ಮುಗಿಸಿ ದೊನ್ನೆಯಲ್ಲಿ ಹುಗ್ಗಿ ಕೊಟ್ಟರು. ಹೆಸರುಬೇಳೆ, ಅಕ್ಕಿ, ಜಜ್ಜಿದ ಮೆಣಸು, ಮೇಲೆ ತುಪ್ಪ. ಆ ಚಳಿಯಲ್ಲಿ ದೊನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರೆ ಸಾಕು, ತಿನ್ನುವ ಮೊದಲೇ ಮೈ ಬೆಚ್ಚಗಾಗುತ್ತದೆ. ಮನೆಯಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ಧನುರ್ಮಾಸದ ದೇವಸ್ಥಾನದ ಹುಗ್ಗಿಯ ರುಚಿ ಬರುವುದಿಲ್ಲ.

ಬೆಟ್ಟದ ಪಾದದವರೆಗೆ ಆಟೋ. ಹೊರಟಾಗ ಆರೂಮುಕ್ಕಾಲು, ನನ್ನ ಫೋನಿನಲ್ಲಿ 14 ಡಿಗ್ರಿ. ಇದಕ್ಕಿಂತ ಮೊದಲು ಹೊರಡುವುದು ಬೇಡ. ಚಾಮುಂಡಿ ಚಿರತೆ ಓಡಾಡುವ ಬೆಟ್ಟ, ಬೆಳಕು ಹರಿದ ಮೇಲೆ ಜನರ ಜೊತೆ ಹತ್ತುವುದೇ ಒಳ್ಳೆಯದು.

ಸಾವಿರ ಮೆಟ್ಟಿಲು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ್ದು. ಮೊದಲ ನೂರಿನಲ್ಲೇ ಉಸಿರು ಹಿಡಿಯಿತು. ಆಗ ಅತ್ತಿಗೆ ಒಂದು ನಿಯಮ ಮಾಡಿದರು. "ಮಾತಾಡ್ತಾ ಹತ್ತಬೇಕು. ಮಾತು ನಿಂತ್ರೆ ಕಾಲೂ ನಿಲ್ಲಬೇಕು." ಸರಳವಾದ ನಿಯಮ, ಆದರೆ ನಾಲ್ಕು ದಿನವೂ ನಮ್ಮನ್ನು ಕಾಪಾಡಿತು. ಯಾರೂ ಯಾರನ್ನೂ "ಸುಸ್ತಾಯ್ತಾ?" ಎಂದು ಕೇಳಬೇಕಾಗಲಿಲ್ಲ. ಮಾತು ತುಂಡಾದ ಕಡೆ ಸುಮ್ನೆ ಕೂತುಬಿಡುತ್ತಿದ್ದೆವು.

ಮುನ್ನೂರನೇ ಮೆಟ್ಟಿಲ ಆಸುಪಾಸಿನಲ್ಲಿ ಒಬ್ಬ ಹೆಂಗಸು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಹರಕೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಿಂದ ಮೊದಲು ಅರಿಶಿನದ ಬೊಟ್ಟು, ಅದರ ಮೇಲೆ ಕುಂಕುಮ. ಬೆರಳಿನ ತುದಿ ಕಲ್ಲಿಗೆ ಉಜ್ಜಿ ಉಜ್ಜಿ ಕೆಂಪಾಗಿತ್ತು, ಅದು ಕುಂಕುಮವೋ ಸವೆದ ಚರ್ಮವೋ ಗೊತ್ತಾಗುತ್ತಿರಲಿಲ್ಲ. ಅತ್ತಿಗೆ ಕೇಳಿದರು, "ತಟ್ಟೆ ನಾನು ಹಿಡ್ಕೊಳ್ಲೇನಮ್ಮಾ? ಹರಕೆಗೆ ದೋಷ ಏನಿಲ್ವಲ್ಲ?"

"ದೋಷ ಏನಕ್ಕಾ, ಹಿಡ್ಕೊಂಡೋರಿಗೂ ಪುಣ್ಯ ಬರುತ್ತೆ" ಎಂದರು ಆಕೆ.

ನಂದಿಯವರೆಗೂ ಅತ್ತಿಗೆ ತಟ್ಟೆ ಹಿಡಿದೇ ಹತ್ತಿದರು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದ್ದಕ್ಕೆ ಹರಕೆಯಂತೆ. ಮಗಳು ನಾಲ್ಕು ಮೆಟ್ಟಿಲು ಮೇಲೆ ನೀರಿನ ಬಾಟಲಿ ಹಿಡಿದು ಅಮ್ಮನನ್ನೇ ನೋಡುತ್ತಾ ಹಿಂದು ಹಿಂದಕ್ಕೆ ಹತ್ತುತ್ತಿದ್ದಳು.

ಏಳುನೂರನೇ ಮೆಟ್ಟಿಲ ಹತ್ತಿರ ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ ಸುಮಾರು 15 ಅಡಿ. ಸಾಮಾನ್ಯವಾಗಿ ಎಲ್ಲರೂ ಮುಂದೆ ನಿಂತು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಒಂದು ಸುತ್ತು ನಿಧಾನಕ್ಕೆ ಬನ್ನಿ. ಕೊರಳಿನ ಗಂಟೆಸರವನ್ನು ಒಂದೊಂದಾಗಿ ನೋಡಿ. ಕಲ್ಲಿನ ಗಂಟೆ ಅಲ್ಲಾಡುತ್ತದೇನೋ ಅನ್ನಿಸುವಷ್ಟು ಬಿಡಿಬಿಡಿಯಾಗಿ ಕೆತ್ತಿದ್ದಾರೆ. ಆ ಹೊತ್ತಿಗೆ ಊರಿನ ಮೇಲೆ ಮಂಜು ಹಾಸಿತ್ತು. ಲಲಿತಮಹಲ್ ಅರಮನೆಯ ಬಿಳಿ ಗುಮ್ಮಟವೊಂದೇ ಮೇಲೆ ಎದ್ದು ಕಾಣುತ್ತಿತ್ತು.

ತುದಿಯಲ್ಲಿ ರಜೆಯ ಜಾತ್ರೆ. ಕಾರಿನ ಸಾಲು, ದರ್ಶನದ ಸಾಲು. ನಾವು ಪಕ್ಕದ ಮಹಾಬಲೇಶ್ವರನ ಗುಡಿಗೆ ಹೋದೆವು. ಈ ಬೆಟ್ಟಕ್ಕೆ ಹಿಂದೆ ಮಹಾಬಲಾದ್ರಿ ಎಂದೇ ಹೆಸರಿತ್ತು, ಚಾಮುಂಡೇಶ್ವರಿಯ ದೇವಸ್ಥಾನಕ್ಕಿಂತ ಈ ಗುಡಿ ಹಳೆಯದು. ಒಳಗೆ ನಾವಿಬ್ಬರು, ಅರ್ಚಕರು, ಒಂದು ಬೆಕ್ಕು. ಇಳಿಯುವುದಕ್ಕೆ ನಗರ ಸಾರಿಗೆ ಬಸ್ಸು ಹಿಡಿದೆವು. ಮಂಡಿ ನೋವಿನವರಿಗೆ ನನ್ನದೊಂದು ಮಾತು: ಹತ್ತುವುದು ಕಾಲಲ್ಲಿರಲಿ, ಇಳಿಯುವುದು ಬಸ್ಸಿನಲ್ಲಿರಲಿ. ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ.

ಎರಡನೇ ದಿನ: ಕರಿಘಟ್ಟ

ಇವತ್ತಿಂದ ಅತ್ತಿಗೆಯ ಸ್ಕೂಟರ್. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸ್ವಲ್ಪ ನಿಧಾನ, ಆದರೆ ಊರು, ಗದ್ದೆ, ಕಾಫಿ ಅಂಗಡಿ ಎಲ್ಲಾ ಸಿಗುವುದು ಅದರಲ್ಲೇ.

ಶ್ರೀರಂಗಪಟ್ಟಣದ ಮಗ್ಗುಲಲ್ಲಿದ್ದರೂ ಕರಿಘಟ್ಟಕ್ಕೆ ಜನ ಕಡಿಮೆ. ಮೇಲಿನವರೆಗೆ ಡಾಂಬರು ರಸ್ತೆ ಇದೆ, ನಾವು ಮೆಟ್ಟಿಲು ಹಿಡಿದೆವು. ಸುಮಾರು 450 ಇವೆ, ಚಾಮುಂಡಿಯ ಮರುದಿನಕ್ಕೆ ಹೇಳಿ ಮಾಡಿಸಿದ ಹಾಗೆ. ಎರಡೂ ಕಡೆ ಒಣಗಿದ ಹುಲ್ಲು, ಹುಲ್ಲಿನ ತುದಿಯಲ್ಲಿ ಇಬ್ಬನಿ. ವರಾಹಸ್ವಾಮಿ ಮೈ ಕೊಡವಿದಾಗ ಉದುರಿದ ರೋಮವೇ ಇಲ್ಲಿ ದರ್ಭೆಯಾಗಿ ಬೆಳೆಯಿತು ಎಂದು ಕಥೆ. ಅತ್ತಿಗೆ ಒಂದು ಎಸಳು ಕಿತ್ತು ಬೆರಳಿಗೆ ಸುತ್ತಿ ಪವಿತ್ರದ ಉಂಗುರ ಮಾಡಿದರು. ನನ್ನ ಬೆರಳಿಗೂ ಒಂದು.

ಮೇಲಿನ ಶ್ರೀನಿವಾಸನ ಗುಡಿಯ ಬಾಗಿಲು ಇನ್ನೂ ತೆಗೆದಿರಲಿಲ್ಲ. ಒಂದೂವರೆ ಗಂಟೆ ಹೊರಗಿನ ಜಗಲಿಯಲ್ಲಿ ಕೂತೆವು. ಆ ಒಂದೂವರೆ ಗಂಟೆಯೇ ಆ ದಿನದ ಸಂಪಾದನೆ. ಮೊದಲಿಗೆ ಕೆಳಗೆ ಏನೂ ಕಾಣುತ್ತಿರಲಿಲ್ಲ, ಬರೀ ಬಿಳುಪು. ಬಿಸಿಲು ಏರಿದ ಹಾಗೆ ಮಂಜು ಹರಿದು ಮೊದಲು ತೆಂಗಿನ ತಲೆಗಳು, ಆಮೇಲೆ ಗದ್ದೆಯ ಬದುಗಳು, ಕಡೆಗೆ ನೀರು ಕಂಡಿತು. ಲೋಕಪಾವನಿ ಬಂದು ಕಾವೇರಿಯನ್ನು ಸೇರುವುದು ಇಲ್ಲೇ ಕೆಳಗೆ. ಎಲ್ಲೋ ನವಿಲು ಕೂಗಿತು. ಗುಡಿಯ ಅಂಗಳ ಗುಡಿಸುತ್ತಿದ್ದ ಅಜ್ಜಿ ಪೊರಕೆ ನಿಲ್ಲಿಸಿ, "ಬಾಗ್ಲು ತೆಗಿಯೋದು ತಡ ಆಯ್ತದೆ ಕಣವ್ವ. ಚಳಿಗೆ ದೇವ್ರೂ ವಸಿ ಮಲಗ್ಲಿ ಬುಡಿ" ಎಂದರು. ಅತ್ತಿಗೆ ಆ ಮಾತನ್ನು ಮನೆಗೆ ಬರುವವರೆಗೆ ನಾಲ್ಕು ಸಲ ಹೇಳಿಕೊಂಡರು.

ಬರುವಾಗ ರಸ್ತೆ ಬದಿಯಲ್ಲಿ ಅವರೆಕಾಯಿ. ಸೊಗಡು ಕೈಗೆ ಅಂಟುವಂಥ ಗಟ್ಟಿ ಕಾಯಿ. ಎರಡು ಕಿಲೋ ತಂದು ಸಂಜೆಯೆಲ್ಲ ಬಿಡಿಸಿದೆವು. ಕಾಯಿ ಆರಿಸುವಾಗ ಮೂಗಿಗೆ ಹಿಡಿದು ನೋಡಿ. ವಾಸನೆ ಜೋರಾಗಿಲ್ಲದ ಅವರೆ ಚಳಿಗಾಲದ ಅವರೆ ಅಲ್ಲ. ಕಾಳನ್ನು ನೀರಿಗೆ ಹಾಕಿಟ್ಟು ಮಲಗಿದೆವು. ನಾಳೆ ರಾತ್ರಿಗೆ ಹಿತಕಿದ ಬೇಳೆ ಸಾರು.

ಮೂರನೇ ದಿನ: ಕುಂತಿಬೆಟ್ಟ

ಅತ್ತಿಗೆ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. "ನೂರು ಸಲ ಕನಸಲ್ಲಿ ಹತ್ತಿಬಿಟ್ಟೆ ಕಣೇ" ಎಂದರು. ಕ್ಯಾನ್ವಾಸ್ ಶೂ, ಚೂಡಿದಾರ್, ತಲೆಗೆ ಮಫ್ಲರ್.

ಪಾಂಡವಪುರದಲ್ಲಿ ಇಡ್ಲಿ ತಿಂದು ಚಹಾ ಕುಡಿಯುವಾಗ ಪಕ್ಕದ ಬೆಂಚಿನ ಯಜಮಾನರೊಬ್ಬರು ಊರನ್ನು "ಹಿರೋಡೆ" ಎಂದೇ ಕರೆಯುತ್ತಿದ್ದರು. ಇದು ಊರಿನ ಹಳೇ ಹೆಸರು. ಹೈದರ್, ಟಿಪ್ಪು ಕಾಲದಲ್ಲಿ ಅವರ ಫ್ರೆಂಚ್ ಸೈನಿಕರು ಈ ಬಂಡೆಗಳ ಕೆಳಗೆ ಬೀಡುಬಿಟ್ಟಿದ್ದರು, ಹಾಗಾಗಿ ಬ್ರಿಟಿಷರ ಬಾಯಲ್ಲಿ ಇದು ಫ್ರೆಂಚ್ ರಾಕ್ಸ್ ಆಯಿತು. ರೈಲು ನಿಲ್ದಾಣಕ್ಕೂ ಬಹಳ ಕಾಲ ಅದೇ ಹೆಸರಿತ್ತು. ಪಾಂಡವಪುರ ಅನ್ನುವುದು ಆಮೇಲೆ ಬಂದದ್ದು. ವನವಾಸದಲ್ಲಿ ಪಾಂಡವರು ತಾಯಿ ಕುಂತಿಯ ಜೊತೆ ಇಲ್ಲಿದ್ದರು ಅನ್ನುವ ನಂಬಿಕೆಯಿಂದ.

ಬೆಟ್ಟದ ಕೆಳಗೆ ಒಬ್ಬ ಹೆಂಗಸು ಬುಟ್ಟಿಯಲ್ಲಿ ಸೀಬೆಹಣ್ಣು ಇಟ್ಟುಕೊಂಡು ಕೂತಿದ್ದರು. ಹೆಚ್ಚಿ ಉಪ್ಪು ಖಾರ ಸವರಿ ಕೊಡುತ್ತಾರೆ. ಅತ್ತಿಗೆ ದುಡ್ಡು ಕೊಡಲು ಬಗ್ಗಿದಾಗ ಆಕೆ ಅತ್ತಿಗೆಯ ಮುಖವನ್ನೇ ನೋಡುತ್ತಾ ಉಳಿದರು.

"ನೀವು ಕಿಟಕಿ ಪಕ್ಕದ ಟೀಚರಮ್ಮ ಅಲ್ವಾ?"

ಅತ್ತಿಗೆಗೆ ಗೊತ್ತಾಗಲಿಲ್ಲ.

"ನಾನು ಕಣವ್ವಾ, ಹೂವಿನ ಬುಟ್ಟಿಯೋಳು. ಮೈಸೂರು ಮಾರ್ಕೆಟ್ಟಿಗೆ ಹೂ ಹಾಕ್ಬುಟ್ಟು ನಿಮ್ ಬಸ್ಸಲ್ಲೇ ವಾಪಸ್ ಬತ್ತಿದ್ದೆ. ನಿಂತ್ಕಳಕ್ಕೂ ಜಾಗ ಇರ್ತಿರ್ಲಿಲ್ಲ. ನೀವು ಬುಟ್ಟಿ ಇಸ್ಕಂಡು ತೊಡೆ ಮೇಲೆ ಮಡಿಕತಿದ್ರಿ."

ಅತ್ತಿಗೆಯ ಕೈ ತನ್ನಷ್ಟಕ್ಕೇ ಬಾಯಿಗೆ ಹೋಯಿತು. "ಕಾಕಡ! ಬುಟ್ಟಿಯಲ್ಲಿ ಯಾವಾಗ್ಲೂ ಒಂದೆರಡು ಕಾಕಡ ಹೂ ಉಳಿದಿರ್ತಿತ್ತು. ಶಾಲೆಗೆ ಹೋದ್ಮೇಲೂ ನನ್ನ ಸೀರೆ ಘಮ ಅಂತಿತ್ತು."

ಇಬ್ಬರೂ ಕೈ ಹಿಡಿದುಕೊಂಡರು. ಅಷ್ಟು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದ್ದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅವತ್ತು ಕೇಳಿಕೊಂಡರು. ಮೂರು ಸೀಬೆಹಣ್ಣಿಗೆ ದುಡ್ಡು ಬೇಡವೇ ಬೇಡ ಎಂದರು ಆಕೆ. "ಬೆಟ್ಟಕ್ಕೆ ಹೊಂಟಿದ್ದೀರಾ? ನಾನು ಇಲ್ಲೇ ಹುಟ್ಟಿದೋಳು, ಸೌದೆಗೆ ಹತ್ತಿದ್ದೆ. ಬಂಡೆ ಮೇಲೆ ಬಿಳೀ ಗುರ್ತು ಅವೆ, ಅದುನ್ನ ಬುಟ್ಟು ಆ ಕಡೆ ಈ ಕಡೆ ಹೋಗ್ಬ್ಯಾಡಿ" ಎಂದು ಒಂದು ಕೋಲನ್ನೂ ಕೊಟ್ಟರು.

ಆ ಮಾತನ್ನು ನಾವು ಅರ್ಧ ದಾರಿಯಲ್ಲೇ ಮರೆತೆವು. ಕೆಳಗೆ ಸ್ವಲ್ಪ ದೂರ ಮೆಟ್ಟಿಲಿನ ಹಾಗೆ ದಾರಿ ಇದೆ, ಆಮೇಲೆ ಬರೀ ಬಂಡೆ. ಒಂದು ತಿರುವಿನಲ್ಲಿ ಗುರುತು ತಪ್ಪಿ ಲಂಟಾನ ಪೊದೆಗೆ ನುಗ್ಗಿದೆವು. ಹತ್ತು ನಿಮಿಷ ಮುಳ್ಳು ಬಿಡಿಸಿಕೊಳ್ಳುವುದರಲ್ಲೇ ಕಳೆಯಿತು. ಚೂಡಿದಾರಿನ ಕೆಳಗಿನ ಅಂಚಿಗೆಲ್ಲ ಉತ್ತರಾಣಿ ಅಂಟಿತು. ಚಳಿಗಾಲದಲ್ಲಿ ಈ ಕಡೆಯ ಬೆಟ್ಟಗಳಿಗೆ ಬರುವವರು ದಪ್ಪ ಬಟ್ಟೆಯ ಪ್ಯಾಂಟು ಹಾಕಿ, ತೆಳು ಬಟ್ಟೆಗೆ ಉತ್ತರಾಣಿ ಹಿಡಿದರೆ ಕೀಳುವಾಗ ಬಟ್ಟೆಯೇ ಹರಿಯುತ್ತದೆ. ವಾಪಸ್ ಬಂದು ಗುರುತು ಹುಡುಕಿ ಮತ್ತೆ ಹತ್ತಿದೆವು.

ಬಂಡೆ ಬೆಳಿಗ್ಗೆ ತಣ್ಣಗಿರುತ್ತದೆ. ಅಂಗೈ ಊರಿದರೆ ಚಳಿ ಮೊಣಕೈವರೆಗೆ ಏರುತ್ತದೆ. ಆದರೆ ಮೇಲ್ಮೈ ಒರಟು, ಶೂ ಚೆನ್ನಾಗಿ ಕಚ್ಚುತ್ತದೆ. ಮಳೆಗಾಲದಲ್ಲಿ ಇದೇ ಬಂಡೆ ಪಾಚಿ ಕಟ್ಟಿ ಜಾರುತ್ತದೆ, ಹಾಗಾಗಿ ಇದು ಚಳಿಗಾಲದಲ್ಲೇ ಹತ್ತಬೇಕಾದ ಬೆಟ್ಟ. ಎರಡು ದೊಡ್ಡ ಗುಂಡುಗಳ ನಡುವೆ ಅಡ್ಡಡ್ಡವಾಗಿ ನುಸುಳಬೇಕಾದ ಜಾಗವೊಂದಿದೆ. ಅಲ್ಲಿ ಅತ್ತಿಗೆ ಬ್ಯಾಗನ್ನು ನನಗೆ ಕೊಟ್ಟು, ಬೆನ್ನು ಒಂದು ಬಂಡೆಗೆ, ಅಂಗೈ ಇನ್ನೊಂದಕ್ಕೆ ಒತ್ತಿ ದಾಟಿದರು.

ಅಲ್ಲಿಂದ ಮೇಲೆ ಅವರ ಮಾತು ನಿಂತುಹೋಯಿತು. ನಾನು ನಿಯಮದ ಪ್ರಕಾರ ನಿಂತೆ. ಅವರು ನಿಲ್ಲಲಿಲ್ಲ. ಕೋಲು ಊರುತ್ತಾ, ನನ್ನ ಕಡೆ ತಿರುಗಿಯೂ ನೋಡದೆ ಹೋಗುತ್ತಲೇ ಇದ್ದರು. ಕರೆಯಲು ಮನಸ್ಸು ಬರಲಿಲ್ಲ. ಹಿಂದೆಯೇ ಹೋದೆ.

ತುದಿ ತಲುಪಿದಾಗ ಒಂಬತ್ತು ಗಂಟೆ ದಾಟಿತ್ತು. ಗಾಳಿ ಜೋರಾಗಿತ್ತು, ಬಿಸಿಲು ಹಿತವಾಗಿತ್ತು. ಕೆಳಗೆ ಪಾಂಡವಪುರದ ಹೆಂಚು, ತಾರಸಿ. ಆಚೆಗೆ ಕಬ್ಬಿನ ಹಸಿರು, ಕೊಯ್ದ ಗದ್ದೆಯ ಹಳದಿ. ಕನ್ನಂಬಾಡಿಯ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ದೆಸೆಯಿಂದ ಚಳಿಗಾಲದಲ್ಲೂ ಈ ಸೀಮೆ ಹಸಿರು. ನಾನು ಕೆರೆ ಎಲ್ಲಿದೆ, ಮೇಲುಕೋಟೆ ಯಾವ ಕಡೆ ಎಂದು ನೋಡುತ್ತಿದ್ದೆ. ಅತ್ತಿಗೆ ನೋಡುತ್ತಿದ್ದದ್ದು ರಸ್ತೆಯನ್ನು.

ಬಹಳ ಹೊತ್ತು ಹುಡುಕಿದರು. ಸಿಕ್ಕಿತು. ಸಾಲುಮರದ ನಡುವೆ ಒಂದು ಕೆಂಪು ಬಸ್ಸು, ಕಡ್ಡಿಪೆಟ್ಟಿಗೆಯಷ್ಟು. ನಿಧಾನಕ್ಕೆ ಹೋಗುತ್ತಿತ್ತು.

"ನೋಡೇ" ಎಂದರು. "ಅದರೊಳಗೆ ನಾನಿದೀನಿ. ಇನ್ನು ಅರ್ಧ ಗಂಟೆಗೆ ಬೆಲ್ಲು. ಕೈಯಲ್ಲಿ ಟಿಫನ್ ಕ್ಯಾರಿಯರ್, ತೊಡೆ ಮೇಲೆ ಹೂವಿನ ಬುಟ್ಟಿ."

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು. ಆಮೇಲೆ ಸೀಬೆಹಣ್ಣು ತೆಗೆದು ಕೊಟ್ಟು ಮತ್ತೆ ಮಾತು ಶುರು ಮಾಡಿದರು, ಯಾವ ಮೇಷ್ಟರು ಯಾವ ಸ್ಟಾಪಿನಲ್ಲಿ ಹತ್ತುತ್ತಿದ್ದರು, ಯಾವ ಕಂಡಕ್ಟರ್ ಚಿಲ್ಲರೆ ಉಳಿಸಿಕೊಳ್ಳದೆ ಕೊಡುತ್ತಿದ್ದರು ಎಂದು. ಒಂದು ಗಂಟೆ ಮಾತಾಡಿದರು. ಅವರ ಜೀವನದಲ್ಲಿ ಆ ಬಸ್ಸು ಇಷ್ಟು ಜಾಗ ಹಿಡಿದಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಅವರು ನಮ್ಮ ಮನೆಗೆ ಬಂದು 35 ವರ್ಷ.

ಇಳಿಯುವುದಕ್ಕೆ ಹತ್ತಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಕಡಿದಾದ ಕಡೆ ಕೂತುಕೊಂಡೇ ಜರುಗಿದೆವು. ಕೋಲನ್ನು ಕೆಳಗೆ ಹಿಂದಿರುಗಿಸಿದಾಗ ಆಕೆ ಅತ್ತಿಗೆಯ ಮಫ್ಲರಿಗೆ ಅಂಟಿದ್ದ ಉತ್ತರಾಣಿಯನ್ನು ಒಂದೊಂದಾಗಿ ಕಿತ್ತು ಕಳಿಸಿದರು.

ಅಲ್ಲಿಂದ ತೊಣ್ಣೂರು ಕೆರೆಗೆ ಹೊರಟಾಗ ಬಿದ್ದೆವು. ಡಿಸೆಂಬರ್, ಜನವರಿಯಲ್ಲಿ ಈ ಭಾಗದ ಹಳ್ಳಿ ರಸ್ತೆಗಳ ಮೇಲೆ ಹುರುಳಿ ಹರಡಿರುತ್ತಾರೆ. ಗಾಡಿಗಳು ತುಳಿದು ತುಳಿದು ಕಾಳು ಉದುರಲಿ ಅಂತ. ಅಡಿಯಷ್ಟು ದಪ್ಪ ಸೊಪ್ಪೆ, ನೋಡಲು ಮೆತ್ತನೆ ಹಾಸಿಗೆ. ಅದರ ಕೆಳಗೆ ಉದುರಿದ ಕಾಳು ಗೋಲಿಯ ಹಾಗೆ ಉರುಳುತ್ತದೆ. ವೇಗ ಇಪ್ಪತ್ತೂ ಇರಲಿಲ್ಲ, ಆದರೂ ಮುಂದಿನ ಚಕ್ರ ಪಕ್ಕಕ್ಕೆ ಹೋಯಿತು. ಅತ್ತಿಗೆ ಸೊಪ್ಪೆಯ ಗುಡ್ಡೆ ಮೇಲೆ ಕೂತಂತೆ ಬಿದ್ದರು, ಏನೂ ಆಗಲಿಲ್ಲ. ನನ್ನ ಮೊಣಕೈ ತರಚಿತು, ಬ್ರೇಕಿನ ಹಿಡಿ ಬಾಗಿತು. ಸ್ಕೂಟರಿನವರು ಹುರುಳಿ ಕಂಡರೆ ಇಳಿದು ತಳ್ಳಿಕೊಂಡು ದಾಟಿ. ಎರಡು ನಿಮಿಷದ ಕೆಲಸ.

"ಅಯ್ಯೋ ನನ್ನವ್ವ!" ಎಂದು ಕವೆಗೋಲು ಬಿಸಾಕಿ ಓಡಿ ಬಂದ ಅಜ್ಜಿ ನನ್ನ ಕೈಗೆ ಬಿಂದಿಗೆ ನೀರು ಸುರಿದು ತೊಳೆದರು. ಅವರಿಗೆ ನಮಗಿಂತ ಜಾಸ್ತಿ ಗಾಬರಿ. "ಕಣ ಮಾಡೋರು ಯಾರವ್ವ ಈಗ? ಎತ್ತಿಲ್ಲ, ರೋಣಗಲ್ಲಿಲ್ಲ. ಆಳು ಸಿಕ್ಕಲ್ಲ. ರೋಡೇ ನಮ್ ಕಣ" ಎಂದರು. ಸಗಣಿ ಸಾರಿಸಿದ ಕಣ, ಅದರ ಮೇಲೆ ಸುತ್ತುವ ಎತ್ತುಗಳನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ. ಅದು ಹೋಗಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕಿರಲಿಲ್ಲ.

ಅಜ್ಜಿ ನಮ್ಮನ್ನು ಹಾಗೇ ಬಿಡಲಿಲ್ಲ. ಪಕ್ಕದಲ್ಲೇ ಅವರ ಸಂಬಂಧಿಕರ ಆಲೆಮನೆ. "ವಸಿ ಬೆಲ್ಲ ತಿಂದು ಸುಧಾರಿಸ್ಕಳಿ" ಎಂದು ಕರೆದುಕೊಂಡು ಹೋದರು. ಗಾಣದಿಂದ ಬಂದ ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಒಬ್ಬ ಹುಡುಗ ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಯ ಬಾಯಿಗೆ ನೂಕುತ್ತಲೇ ಇದ್ದ. ಮೇಲೆ ಬಂದ ಕಪ್ಪು ನೊರೆಯನ್ನು ಉದ್ದ ಹಿಡಿಯ ಜಾಲರಿಯಿಂದ ತೆಗೆಯುತ್ತಿದ್ದರು. ಕೊಳೆ ಒಡೆಯಲು ಸ್ವಲ್ಪ ಸುಣ್ಣದ ನೀರು ಹಾಕುತ್ತಾರೆ. ಗುಳ್ಳೆಗಳು ಮೊದಲು ದೊಡ್ಡದಾಗಿ ಪಟಪಟ ಒಡೆಯುತ್ತವೆ, ಪಾಕ ಬಂದ ಹಾಗೆ ಚಿಕ್ಕದಾಗಿ, ನಿಧಾನವಾಗಿ, ಗೊಜ್ಜು ಕುದಿಯುವ ಹಾಗೆ ಲೊಚಲೊಚ ಅನ್ನುತ್ತವೆ. ಪಾಕ ನೋಡುವ ಯಜಮಾನರು ಚೂರು ತೆಗೆದು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿದರು. ಕಟ್ಟಿತು. ಎಲ್ಲರೂ ಸೇರಿ ಕೊಪ್ಪರಿಗೆ ಬಗ್ಗಿಸಿದರು.

ನಮಗೆ ಕಬ್ಬಿನ ತುಂಡೊಂದನ್ನು ಪಾಕಕ್ಕೆ ಅದ್ದಿ, ನೀರಿಗೆ ಅದ್ದಿ ಕೊಟ್ಟರು. ಹಲ್ಲಿಗೆ ಅಂಟಿ ಎಳೆಯುತ್ತದೆ, ಹೊಗೆಯ ವಾಸನೆ ಇರುತ್ತದೆ. ಕೈ ಉರಿ ಮರೆತೇ ಹೋಯಿತು. "ಬೆಳ್ಳಗಿರೋ ಬೆಲ್ಲ ಕೇಳ್ಬ್ಯಾಡಿ ಎಲ್ಲೂ" ಎಂದರು ಯಜಮಾನರು. "ಹಂಗ್ ಬೆಳ್ಳಗಾಗಕ್ಕೆ ಪುಡಿ ಹಾಕ್ತಾರೆ. ಬೆಲ್ಲ ಅಂದ್ರೆ ಮಣ್ಣಿನ ಬಣ್ಣಕ್ಕಿರ್ಬೇಕು." ಒಂದು ಕಿಲೋ ಅಚ್ಚು, ಒಂದು ಬಾಟಲಿ ಜೋನಿಬೆಲ್ಲ ಕೊಂಡೆವು. ಬಾಗಿದ ಬ್ರೇಕಿನ ಹಿಡಿಯನ್ನು ಒಲೆ ಹುಡುಗ ಇಕ್ಕಳದಲ್ಲಿ ಬಗ್ಗಿಸಿ ಒಂದು ಮಟ್ಟಕ್ಕೆ ತಂದ.

ತೊಣ್ಣೂರು ಸೇರಿದಾಗ ಬಿಸಿಲು ಇಳಿದಿತ್ತು. ಎರಡು ಗುಡ್ಡದ ನಡುವೆ ಏರಿ ಹಾಕಿ ನಿಲ್ಲಿಸಿದ ನೀರು. ರಾಮಾನುಜಾಚಾರ್ಯರು ಇಲ್ಲಿದ್ದಾಗ ಕಟ್ಟಿಸಿದ್ದು, ತಿರುಮಲಸಾಗರ ಎಂದು ಹೆಸರಿಟ್ಟರು ಎನ್ನುತ್ತಾರೆ. ನೀರು ಅಷ್ಟು ತಿಳಿಯಾಗಿರುವುದಕ್ಕೇ ಮೋತಿ ತಲಾಬ್, ಮುತ್ತಿನ ಕೆರೆ ಎಂಬ ಹೆಸರೂ ಬಂತು. ತಿಳಿ ನೀರು ಆಳವನ್ನು ಮರೆಮಾಡುತ್ತದೆ, ಈಜಲು ಇಳಿಯಬೇಡಿ. ನಾವು ಏರಿಯ ಮೇಲೆ ಕೂತು ಕಾಲು ಚಾಚಿದೆವು ಅಷ್ಟೆ. ಕತ್ತಲಾಗುವ ಮೊದಲು ಮೈಸೂರು ಸೇರಬೇಕಿತ್ತು.

ರಾತ್ರಿ ಒಂದೇ ಕೈಯಲ್ಲಿ ಅವರೆಕಾಳು ಹಿತುಕಿದೆ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಟಪ್ ಎಂದು ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಸಾರು, ರಾಗಿಮುದ್ದೆ. ಅಣ್ಣ ಮೂರನೇ ಸಲ ಬಡಿಸಿಕೊಂಡ. ಅತ್ತಿಗೆ ಅವನಿಗೆ ಬೆಟ್ಟದ ಕಥೆ ಹೇಳುತ್ತಾ ಊಟ ಮರೆತು ಕೂತಿದ್ದರು. ಬಸ್ಸಿನ ವಿಷಯ ಮಾತ್ರ ಹೇಳಲಿಲ್ಲ.

ನಾಲ್ಕನೇ ದಿನ: ಮೇಲುಕೋಟೆ

ಸ್ಕೂಟರ್ ರಿಪೇರಿಗೆ ಹೋಯಿತು. ಹಾಗಾಗಿ ಬಸ್ಸು. ಪಾಂಡವಪುರ, ಜಕ್ಕನಹಳ್ಳಿ ಮೇಲೆ ಸುಮಾರು 50 ಕಿಲೋಮೀಟರ್. ಕಂಡಕ್ಟರ್ ಆಧಾರ್ ನೋಡಿ ಇಬ್ಬರಿಗೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟರು. 11 ವರ್ಷ ತಿಂಗಳ ಪಾಸು ಮಾಡಿಸಿದ ಅತ್ತಿಗೆ ಆ ಟಿಕೆಟನ್ನು ಮಡಿಸಿ ಪರ್ಸಿನ ಒಳಜೇಬಿಗೆ ಇಟ್ಟುಕೊಂಡರು. ಕಿಟಕಿ ಪಕ್ಕದ ಸೀಟು ಅವರದ್ದೇ. ಬೆಟ್ಟ ಬಂದಾಗ ಗಾಜು ಸರಿಸಿ, ಚಳಿಗಾಳಿಗೆ ಮುಖ ಒಡ್ಡಿ ನೋಡಿದರು.

ಮೇಲುಕೋಟೆಯಲ್ಲಿ ಇಳಿದು ಮೊದಲು ಕಲ್ಯಾಣಿಗೆ ಹೋಗಿ. ಕಂಬದ ಮಂಟಪಗಳ ನೆರಳು ನೀರಿನ ಮೇಲೆ ಉದ್ದಕ್ಕೆ ಬಿದ್ದಿರುವುದು ಬೆಳಿಗ್ಗೆ ಮಾತ್ರ. ಅಲ್ಲಿಂದ ನೇರ ಮೇಲೆ ಯೋಗಾನರಸಿಂಹನ ಬೆಟ್ಟ. ಮೆಟ್ಟಿಲು ಕಡಿದಾಗಿದೆ, ಆದರೆ ಅಗಲ. ನಡುನಡುವೆ ಕಲ್ಲಿನ ಬಾಗಿಲುಗಳಿವೆ, ಅವುಗಳ ನೆರಳಲ್ಲಿ ಗಾಳಿ ತಣ್ಣಗೆ ಬೀಸುತ್ತದೆ. ನಮ್ಮ ಮಾತಿನ ನಿಯಮಕ್ಕೆ ಆ ಬಾಗಿಲುಗಳೇ ಅಲ್ಪವಿರಾಮ.

ಎರಡನೇ ಬಾಗಿಲಲ್ಲಿ ಊರಿನ ಒಬ್ಬ ಹಿರಿಯರು ಕೂತಿದ್ದರು. 80ರ ಹತ್ತಿರ ಇರಬೇಕು. ಕೈಮಗ್ಗದ ಪಂಚೆ, ಹೆಗಲ ಮೇಲೆ ಮಡಿಸಿದ ಶಾಲು. ಧನುರ್ಮಾಸ ಮುಗಿಯುವವರೆಗೆ ದಿನಾ ಹತ್ತುತ್ತಾರಂತೆ. ಮೊದಲು ಮನೆಮನೆಯಲ್ಲೂ ಮಗ್ಗದ ಸದ್ದು ಕೇಳುತ್ತಿತ್ತು, ಈಗ ಎಣಿಸಬಹುದು ಎಂದರು. ಸುತ್ತಿನ ಕುರುಚಲು ಕಾಡನ್ನು ತೋರಿಸಿ, "ಅದು 1974ರಿಂದ ಅಭಯಾರಣ್ಯ. ತೋಳ ಇದೆಯಮ್ಮಾ ಅಲ್ಲಿ, ಚಿಕ್ಕವನಿದ್ದಾಗ ರಾತ್ರಿ ಕೂಗೋದು ಕೇಳ್ತಿತ್ತು" ಎಂದರು. ಈಗ ಕೇಳಿಸುತ್ತದಾ ಎಂದು ಅತ್ತಿಗೆ ಕೇಳಿದರು. "ಈಗ ನನಗೇ ಕಿವಿ ಕೇಳಿಸಲ್ಲ" ಎಂದು ನಗುತ್ತಾ ಎದ್ದು ನಮಗಿಂತ ಮುಂದೆ ಹತ್ತಿ ಹೋದರು.

ಮೇಲೆ ನರಸಿಂಹನ ದರ್ಶನ, ಟಿಪ್ಪು ಸುಲ್ತಾನ್ ಕೊಟ್ಟದ್ದೆನ್ನುವ ದೊಡ್ಡ ನಗಾರಿ, ಸುತ್ತ ಬಯಲು. ಕೋತಿಗಳಿವೆ. ಕವರ್ ಸದ್ದು ಮಾಡಿದರೆ ಬಂದೇ ಬರುತ್ತವೆ, ತಿಂಡಿಯನ್ನು ಬಟ್ಟೆ ಚೀಲದಲ್ಲಿ ಒಯ್ಯಿರಿ. ನಮ್ಮ ಕಡಲೆಕಾಯಿ ಪೊಟ್ಟಣ ಒಂದೇ ಏಟಿಗೆ ಹೋಯಿತು.

ಪುಳಿಯೋಗರೆ ತೆಗೆದುಕೊಂಡು ರಾಯಗೋಪುರಕ್ಕೆ ನಡೆದೆವು. ಕಟ್ಟುವುದು ಅರ್ಧಕ್ಕೇ ನಿಂತ ಗೋಪುರ, ಆಕಾಶಕ್ಕೆ ನಿಂತ ನಾಲ್ಕು ಕಂಬ. ಅದರ ಬುಡದಲ್ಲಿ ಕೂತು ತಿಂದೆವು. ಮೇಲುಕೋಟೆಯ ಪುಳಿಯೋಗರೆ ಹುಳಿಗಿಂತ ಮೆಣಸು, ಎಳ್ಳಿನಲ್ಲಿ ನಿಲ್ಲುತ್ತದೆ. ನಾಲಿಗೆ ಮೇಲೆ ಖಾರ ತಡವಾಗಿ ಬರುತ್ತದೆ. ಅಕ್ಕ-ತಂಗಿ ಕೊಳದವರೆಗೂ ನಡೆದೆವು. ಪಕ್ಕಪಕ್ಕದ ಎರಡು ಕೊಳ. ಮೆಟ್ಟಿಲ ಮೇಲೆ ಕೂತು ಅತ್ತಿಗೆ ಶೂ ಬಿಚ್ಚಿ ಪಾದ ನೋಡಿಕೊಂಡರು. ಎಡಗಾಲ ಹಿಮ್ಮಡಿಯಲ್ಲಿ ಒಂದು ಬೊಬ್ಬೆ. "ಇದೊಂದು ಬಿಟ್ರೆ ಇನ್ನೇನೂ ಇಲ್ಲ" ಎಂದು ಮತ್ತೆ ಹಾಕಿಕೊಂಡರು.

ಸಂಜೆಯ ಬಸ್ಸು ಅರ್ಧ ಖಾಲಿ. ಹತ್ತಿದ ಕೂಡಲೇ ಅತ್ತಿಗೆ, "ಈ ಸಲ ಕಿಟಕಿ ಹತ್ರ ನೀನು ಕೂತ್ಕೋ" ಎಂದರು. ಜಕ್ಕನಹಳ್ಳಿ ದಾಟುವಷ್ಟರಲ್ಲಿ ಅವರ ತಲೆ ನನ್ನ ಹೆಗಲಿಗೆ ಬಂತು. ಮಫ್ಲರಿನಲ್ಲಿ ಇನ್ನೂ ಒಂದು ಉತ್ತರಾಣಿ ಉಳಿದಿತ್ತು. ರಸ್ತೆ ಮೇಲೆ ಹುರುಳಿ ಸಿಕ್ಕ ಕಡೆಯೆಲ್ಲ ಬಸ್ಸು ನಿಧಾನವಾಗಿ ಚರಚರ ಎಂದು ತುಳಿದುಕೊಂಡು ಹೋಯಿತು. ಪಾಂಡವಪುರದ ಹತ್ತಿರ ಕುಂತಿಬೆಟ್ಟ ಬಂತು. ತುದಿಯ ಬಂಡೆಗೆ ಕೊನೆಯ ಬಿಸಿಲು ತಾಗಿ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅತ್ತಿಗೆ ಗಾಢ ನಿದ್ದೆಯಲ್ಲಿದ್ದರು. ನಾನು ಎಬ್ಬಿಸಲಿಲ್ಲ.